ಮಹಾದ್ವಾರದ ಮೇಲಣ ಹೆಸರು

1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಜನರಲ್ ಹ್ಯಾರಿಸನ ಸೇನೆಯನ್ನು ಎದುರಿಸಿ ಹಿಮ್ಮೆಟ್ಟಿದ ಟಿಪ್ಪು ಸುಲ್ತಾನನು ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯೊಳಗೆ ಹತನಾದುದನ್ನೂ, ಆ ರಾತ್ರಿ ಹೆಣಗಳ ರಾಶಿಯೊಳಗಿಂದ ದೀಪದ ಬೆಳಕಿನಲ್ಲಿ ಅವನ ದೇಹವನ್ನು ಹುಡುಕಿ ತೆಗೆದುದನ್ನೂ ಆಂಗ್ಲರು ಸವಿಸ್ತಾರವಾಗಿ ಬರೆದಿಟ್ಟರು. ಕೊಂದವನ ಹೆಸರು ಮಾತ್ರ ನಿಶ್ಚಿತವಾಗಿ ತಿಳಿಯದೆ ಹೋಯಿತು. ದೇಹ ದೊರೆತೆಡೆಯಲ್ಲಿ ಇಂದಿಗೂ ಒಂದು ಕಲ್ಲಿದೆ.

ಕೊಂದವನ ಹೆಸರಿಲ್ಲದ ಆ ತೆರಪಿನೊಳಕ್ಕೆ, ಎರಡು ಶತಮಾನಗಳು ಸಂದ ಬಳಿಕ, ಸಮಕಾಲೀನ ದಾಖಲೆಯ ಆಧಾರವಿಲ್ಲದ ಉರಿಗೌಡ, ದೊಡ್ಡನಂಜೇಗೌಡರೆಂಬ ಇಬ್ಬರು ಒಕ್ಕಲಿಗ ವೀರರನ್ನು ತಂದು ನಿಲ್ಲಿಸಲಾಯಿತು. 2022ರಲ್ಲಿ ಅಡ್ಡಂಡ ಕಾರ್ಯಪ್ಪನವರ ನಾಟಕದಲ್ಲಿ ರಂಗವೇರಿದ ಈ ಜೋಡಿ, ಚುನಾವಣೆ ಸಮೀಪಿಸುತ್ತಿದ್ದಂತೆ ಮೊಬೈಲಿನಿಂದ ಮೊಬೈಲಿಗೆ ಹರಿದು, ಅಜ್ಜಂದಿರು ಹೇಳದಿದ್ದ ಕಥೆಯನ್ನು ಮೊಮ್ಮಕ್ಕಳ ನೆನಪಾಗಿಸಿತು. 2023ರ ಮಾರ್ಚ್ 12ರಂದು ಪ್ರಧಾನಿಗಳು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಸಭೆಗೆ ಬಂದಾಗ ಮಂಡ್ಯದಲ್ಲಿ ಈ ವೀರರಿಬ್ಬರ ಹೆಸರಿನ ಮಹಾದ್ವಾರವೇ ಎದ್ದಿತ್ತು; ಆಕ್ಷೇಪ ಬರುತ್ತಲೇ ಹೆಸರು ಮರೆಯಾಯಿತು. ಈ ಜೋಡಿಯ ಮೇಲೆ ಚಲನಚಿತ್ರ ಮಾಡಹೊರಟಿದ್ದ ಅಂದಿನ ಸಚಿವ ಮುನಿರತ್ನರು, ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮಿಗಳನ್ನು ಕಂಡ ಮೇಲೆ ಆ ಸಂಕಲ್ಪವನ್ನು ಕೈಬಿಟ್ಟರು. ಮಠವು ಶಾಸನವನ್ನೂ ದಾಖಲೆಯನ್ನೂ ಕೇಳಿದ್ದು ನನಗೆ ಅತ್ಯಂತ ಗೌರವದ ಸಂಗತಿಯಾಗಿ ತೋರುತ್ತದೆ.

ಒಕ್ಕಲಿಗರ ಶೌರ್ಯಕ್ಕೆ ಸಾಕ್ಷಿ ಬೇಕಿದ್ದರೆ ದೂರ ಹೋಗಬೇಕಿರಲಿಲ್ಲ: 1938ರ ಏಪ್ರಿಲಿನಲ್ಲಿ, ನಿಷೇಧಾಜ್ಞೆಯನ್ನು ಲೆಕ್ಕಿಸದೆ, ಸುತ್ತಣ ಹಳ್ಳಿಗಳ ಬೇಸಾಯಗಾರರು ಸಾವಿರಗಟ್ಟಲೆ ಶಿಂಷೆಯ ದಡಕ್ಕೆ ಹರಿದುಬಂದು ಧ್ವಜಸತ್ಯಾಗ್ರಹ ನಡೆಸಿದ ಶಿವಪುರ ಮದ್ದೂರಿನ ಮಗ್ಗುಲಲ್ಲಿಯೇ ಇದೆ.