ಸ್ವರದ ಚುಕ್ಕೆ ಮತ್ತು ಗಣಕದ ಲೇಖನಿ

ಬೋರನಕಣಿವೆಯಿಂದ ತಿಪಟೂರು, ತುರುವೇಕೆರೆಯವರೆಗಿನ ತೆಂಗಿನ ಸೀಮೆಯಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರನ್ನು ನೀವು ನೋಡಿರಬಹುದು. ಅಂಥವರ ಬಳಿ ಸ್ವರ ಕಲಿಯುವ ಹುಡುಗನ ನೋಟ್‌ಬುಕ್ಕನ್ನು ಒಮ್ಮೆ ತೆರೆದು ನೋಡಿ. ಅಕ್ಷರದ ಮೇಲೆ ಚುಕ್ಕೆಯಿದ್ದರೆ ತಾರಸ್ಥಾಯಿ, ಕೆಳಗಿದ್ದರೆ ಮಂದ್ರಸ್ಥಾಯಿ. ಸ್ವರಗಳ ಮೇಲೆಳೆದ ಒಂದು ಗೆರೆ ಅವುಗಳ ಅವಧಿಯನ್ನು ಅರ್ಧಕ್ಕಿಳಿಸುತ್ತದೆ. ಇದೇ ಪುಟವನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದಾಗ ಅಕ್ಷರಗಳು ಉಳಿಯುತ್ತವೆ. ಚುಕ್ಕೆ, ಗೆರೆಗಳು ಎಷ್ಟೋ ವೇಳೆ ಉದುರಿಹೋಗುತ್ತವೆ. ತಾರ ಷಡ್ಜದ ಚುಕ್ಕೆ ಬಿದ್ದುಹೋದರೆ ಓದುವವನ ಪಾಲಿಗೆ ಅದರ ಆವೃತ್ತಿ ಅರ್ಧವಾಗುತ್ತದೆ. ಹಾಡೇ ಬೇರೆಯಾಗುತ್ತದೆ!

ಕೀಲಿಮಣೆಯ ಈ ತೊಡಕು ಪಾಶ್ಚಾತ್ಯ ಸಂಗೀತಕ್ಕೂ ಇತ್ತು. ಅಲ್ಲಿ ಐದು ಗೆರೆಗಳ ನಡುವೆ ಚಿಹ್ನೆ ಕೂರುವ ಎತ್ತರ ಸ್ವರವನ್ನೂ ಅದರ ಆಕಾರ ಅವಧಿಯನ್ನೂ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಹೇಳಬಲ್ಲ ಸಾಧನ ಲೇಖನಿ. 1964ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ ಗಣಕಕ್ಕೆ ಜೋಡಿಸುವ ಬರೆಯುವ ಹಲಗೆಯೊಂದನ್ನು ಪರಿಚಯಿಸಿತು. ಹಲಗೆಯೊಳಗಿನ ತಂತಿಜಾಲದಲ್ಲಿ ಹರಿಯುವ ವಿದ್ಯುತ್ ಸ್ಪಂದಗಳನ್ನು ಲೇಖನಿಯ ತುದಿ ಗ್ರಹಿಸುತ್ತಿತ್ತು; ಸುಮಾರು 10 ಲಕ್ಷ ಬಿಂದುಗಳಲ್ಲಿ ತಾನು ಎಲ್ಲಿರುವೆನೆಂದು ಗಣಕಕ್ಕೆ ತಿಳಿಸುತ್ತಿತ್ತು. 1970ರ ದಶಕದ ಕೊನೆಯಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ವಿಲಿಯಂ ಬಕ್ಸ್‌ಟನ್ ಮತ್ತು ಸಂಗಡಿಗರು ಇಂಥ ಹಲಗೆಯನ್ನು ಸಂಗೀತ ಬರೆಯಲು ಬಳಸಿದರು. 1998ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ತಂಡವು ಲೇಖನಿಯ ಗೀಟುಗಳನ್ನೇ ಸ್ವರಚಿಹ್ನೆಗಳಾಗಿ ಮಾರ್ಪಡಿಸುವ ತಂತ್ರಾಂಶ ರೂಪಿಸಿತು. 2015ರಲ್ಲಿ ಬಂದ ಸ್ಟಾಫ್‌ಪ್ಯಾಡ್ ಕೈಬರಹದ ಸಂಗೀತವನ್ನು ಅಚ್ಚಿನ ರೂಪಕ್ಕೆ ತಂದಿತು.

ಇವೆಲ್ಲ ಐದು ಗೆರೆಗಳ ಲಿಪಿಗೆ ಹೊಲಿದ ಅಂಗಿಗಳು. ನಮ್ಮ ಸ್ವರಲಿಪಿಯ ಮೈಕಟ್ಟೇ ಬೇರೆ. ಕನ್ನಡ ಮನೆತನದ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ, 17ನೆಯ ಶತಮಾನದ ತನ್ನ ‘ಚತುರ್ದಂಡೀ ಪ್ರಕಾಶಿಕಾ’ ಗ್ರಂಥದಲ್ಲಿ ಸ್ವರಭೇದಗಳನ್ನು ರ-ರಿ-ರು, ಗ-ಗಿ-ಗು, ಮ-ಮಿ ಎಂದು ಹೆಸರಿಸಿದ. ಗಮನಿಸಿ: ವ್ಯಂಜನ ಯಾವ ಸ್ವರವೆಂದು ಹೇಳಿದರೆ, ಗುಣಿತ ಅದರ ಯಾವ ಭೇದವೆಂದು ಹೇಳುತ್ತದೆ! ಈ ಭೇದಗಳನ್ನು ಜೋಡಿಸಿದಾಗ ಸಿಗುವುದೇ 72 ಮೇಳಗಳು.

ಈಗ ಬೆಂಗಳೂರಿಗೆ ಬನ್ನಿ. 2000ರ ದಶಕದ ಮಧ್ಯದಲ್ಲಿ ಇಲ್ಲಿನ ಎಚ್‌ಪಿ ಪ್ರಯೋಗಾಲಯವು ದೇವನಾಗರಿ ಮತ್ತು ಕನ್ನಡ ಲಿಪಿಗಳಿಗಾಗಿ ಲೇಖನಿಯ ಕೀಲಿಮಣೆಯೊಂದನ್ನು ರೂಪಿಸಿತು. ಹಲಗೆಯ ಮೇಲೆ ಮೂಲಾಕ್ಷರಗಳು ಅಚ್ಚಾಗಿದ್ದವು. ‘ರ’ದ ಮೇಲೆ ಲೇಖನಿ ತಾಗಿಸಿದರೆ ‘ರ’. ಅದರ ಮೇಲೆಯೇ ಗುಣಿತದ ಚಿಹ್ನೆ ಬರೆದರೆ ‘ರಿ’ ಅಥವಾ ‘ರು’. ಅದು ಸಂಗೀತಕ್ಕಾಗಿ ಮಾಡಿದ್ದಲ್ಲ. ಆದರೂ ವೆಂಕಟಮಖಿಯ ಕ್ರಮಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆಯಲ್ಲವೇ? ಅಕ್ಷರದ ಮೇಲೆ ಗುಣಿತ ಬರೆಯಬಹುದಾದರೆ, ಸ್ಥಾಯಿಯ ಚುಕ್ಕೆಯನ್ನೂ ಕಾಲದ ಗೆರೆಯನ್ನೂ ಏಕೆ ಬರೆಯಬಾರದು?

ಯೂನಿಕೋಡ್‌ನಲ್ಲಿ ಅಕ್ಷರದ ಮೇಲೆ, ಕೆಳಗೆ ಕೂರುವ ಚುಕ್ಕೆಗಳಿಗೆ ಸಂಕೇತಗಳಿವೆ. ಸಾಮಾನ್ಯ ಕನ್ನಡ ಕೀಲಿಮಣೆಯಲ್ಲಿ ಅವಕ್ಕೆ ಕೀಲಿಗಳಿಲ್ಲ. ಸ್ಪರ್ಶಪರದೆಯಾದರೋ ಇಂದು ಹಳ್ಳಿಯ ಮನೆಮನೆಯ ಮೊಬೈಲಿನಲ್ಲೂ ಇದೆ. ಶಿಕ್ಷಕರೇ, ಒಂದು ಗೀತೆಯ ಸ್ವರಗಳನ್ನು ವಿದ್ಯಾರ್ಥಿಗಳಿಂದ ಮೊದಲು ಕಾಗದದ ಮೇಲೆ ಬರೆಸಿ, ಬಳಿಕ ಮೊಬೈಲಿನಲ್ಲಿ ಬೆರಳಚ್ಚು ಮಾಡಿಸಿ. ಕಳೆದುಹೋದ ಚಿಹ್ನೆಗಳನ್ನು ಎಣಿಸಲು ಹೇಳಿ. ಆ ಪಟ್ಟಿಯೇ ನಮಗೆ ಬೇಕಾದ ತಂತ್ರಾಂಶದ ಮೊದಲ ನಕ್ಷೆ. ಅದನ್ನು ಬರೆಯುವವರು ನಿಮ್ಮ ತರಗತಿಯಲ್ಲೇ ಇರಬಹುದು.