ಇಲ್ಲದ ಕಾಲಿನ ತುರಿಕೆ

ನಮ್ಮ ಕಾಕಾ 1971ರ ಯುದ್ಧದಲ್ಲಿ ಬಲಗಾಲು ಕಳೆದುಕೊಂಡು ಬೆಳಗಾವಿಗೆ ಮರಳಿದವರು. ಪುಣೆಯಲ್ಲಿ 1944ರಿಂದ ಇರುವ ಸೇನೆಯ ಕೃತಕ ಅಂಗ ಕೇಂದ್ರದಲ್ಲಿ ಅವರಿಗೆ ಹೊಸ ಕಾಲು ಸಿಕ್ಕಿತ್ತು. ರಾತ್ರಿ ಅದನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟ ಮೇಲೆ, "ಹೆಬ್ಬೆರಳು ತುರಸಾಕತ್ತೈತಿ ನೋಡಪಾ" ಅನ್ನುತ್ತಿದ್ದರು. "ಯಾವ ಹೆಬ್ಬೆರಳು ಕಾಕಾ?" ಎಂದು ನಾವು ಹುಡುಗರು ನಗುತ್ತಿದ್ದೆವು. ಬರಬರುತ್ತ ಅವರು ಹೇಳುವುದನ್ನೇ ಬಿಟ್ಟರು. ಈಗ ನಾನೂ ಪುಣೆಯಲ್ಲೇ ಇದ್ದೇನೆ. ಆ ಕೇಂದ್ರದ ಮುಂದೆ ಹಾದುಹೋಗುವಾಗಲೆಲ್ಲ ಆ ನಗು ನೆನಪಾಗಿ ಮನಸ್ಸು ಚುರುಕ್ ಅನ್ನುತ್ತದೆ.

ಕಾಕಾ ಹೇಳಿದ್ದು ಹೊಸದೇನಲ್ಲ. ಕತ್ತರಿಸಿಹೋದ ಅಂಗ ನೋಯುತ್ತದೆ ಎಂದು ಗಾಯಾಳುಗಳು ಹೇಳುವುದನ್ನು 16ನೇ ಶತಮಾನದಲ್ಲೇ ಫ್ರಾನ್ಸಿನ ಯುದ್ಧವೈದ್ಯ ಆಂಬ್ರೋಯ್ಸ್ ಪಾರೆ ಬರೆದಿಟ್ಟಿದ್ದರು. ಅಮೆರಿಕದ ಅಂತರ್ಯುದ್ಧದ ಸೈನಿಕರಿಗೆ ಚಿಕಿತ್ಸೆ ಕೊಟ್ಟ ಸಿಲಾಸ್ ವೇರ್ ಮಿಚೆಲ್ 1871ರಲ್ಲಿ ಇದನ್ನು 'ಫ್ಯಾಂಟಮ್ ಲಿಂಬ್' ಎಂದು ಕರೆದರು. ಕಾಲು ಹೋದರೂ ಅದರ ನರ ಮೊಂಡುಗಾಲಿನಲ್ಲಿ ಉಳಿದಿರುತ್ತದೆ. ಮಿದುಳಿನಲ್ಲಿ ಆ ಕಾಲಿಗಿದ್ದ ಜಾಗವೂ ಉಳಿದಿರುತ್ತದೆ.

ಆ ಉಳಿದ ನರಕ್ಕೇ ಕೆಲಸ ಕೊಡಲು ಮತ್ತೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1940ರ ದಶಕದಲ್ಲಿ ಜರ್ಮನಿಯ ರೈನ್‌ಹೋಲ್ಡ್ ರೈಟರ್, ಸ್ನಾಯುವಿನ ವಿದ್ಯುತ್ ಸಂಕೇತದಿಂದ ನಡೆಯುವ ಕೈ ಮಾಡಿದರು. ಆದರೆ ಆ ಸ್ನಾಯುವೇ ಇಲ್ಲದಿದ್ದರೆ? 2001ರಲ್ಲಿ ಅಮೆರಿಕದ ಟೆನೆಸ್ಸಿಯ ಲೈನ್‌ಮನ್ ಜೆಸ್ಸಿ ಸಲಿವನ್ ವಿದ್ಯುತ್ ಅಪಘಾತದಲ್ಲಿ ಎರಡೂ ತೋಳು ಕಳೆದುಕೊಂಡರು. ಷಿಕಾಗೋದ ಟಾಡ್ ಕೈಕನ್ ತಂಡ ಅವರ ತೋಳಿನ ನರಗಳನ್ನು ಎದೆಯ ಸ್ನಾಯುಗಳಿಗೆ ಜೋಡಿಸಿತು. ಕೈ ಮುಚ್ಚಬೇಕು ಎಂದುಕೊಂಡರೆ ಎದೆಯ ಸ್ನಾಯು ಬಿಗಿಯುತ್ತಿತ್ತು. ಚರ್ಮದ ಮೇಲಿನ ಎಲೆಕ್ಟ್ರೋಡ್ ಆ ಸಂಕೇತವನ್ನು ಹಿಡಿದು ಯಂತ್ರದ ಕೈಗೆ ಮುಟ್ಟಿಸುತ್ತಿತ್ತು. ಯಾರೂ ನಿರೀಕ್ಷಿಸದ ಇನ್ನೊಂದು ಸಂಗತಿಯೂ ನಡೆಯಿತು: ಎದೆ ಮುಟ್ಟಿದರೆ ಇಲ್ಲದ ಕೈಯನ್ನೇ ಮುಟ್ಟಿದಂತೆ ಅವರಿಗೆ ಅನಿಸತೊಡಗಿತು.

ಮುಂದೆ ಸ್ಪರ್ಶವನ್ನು ನೇರವಾಗಿ ನರಕ್ಕೇ ಕಳಿಸುವ ಪ್ರಯತ್ನ ನಡೆಯಿತು. ಡೆನ್ಮಾರ್ಕಿನ ಡೆನಿಸ್ ಸೋರೆನ್ಸನ್ ಪಟಾಕಿ ಅಪಘಾತದಲ್ಲಿ ಎಡಗೈ ಕಳೆದುಕೊಂಡವರು. 2013ರಲ್ಲಿ ರೋಮ್‌ನಲ್ಲಿ ಅವರ ತೋಳಿನ ನರಗಳೊಳಗೆ ಎಲೆಕ್ಟ್ರೋಡ್ ಇಟ್ಟರು. ಕಣ್ಣಿಗೆ ಪಟ್ಟಿ ಕಟ್ಟಿದ್ದರೂ, ಹಿಡಿದ ವಸ್ತು ಗಟ್ಟಿಯೋ ಮೆತ್ತಗಿದೆಯೋ, ದುಂಡಗಿದೆಯೋ ಎಂದು ಅವರು ಹೇಳಬಲ್ಲವರಾದರು. ಪ್ರಯೋಗ ಮುಗಿದ ಮೇಲೆ ಎಲೆಕ್ಟ್ರೋಡ್‌ಗಳನ್ನು ತೆಗೆದರು. ಇಂಥ ಸ್ಪರ್ಶ ತಿಳಿಯುವ ಕೈಗಳು ಇನ್ನೂ ಬಹುಮಟ್ಟಿಗೆ ಪ್ರಯೋಗಾಲಯದಲ್ಲೇ ಇವೆ.

ಇಷ್ಟೆಲ್ಲ ಸಾಧ್ಯವಾದದ್ದು, ಇಲ್ಲದ ಅಂಗದ ಬಗ್ಗೆ ರೋಗಿ ಹೇಳಿದ್ದನ್ನು ಕೆಲವರಾದರೂ ನಂಬಿದ್ದರಿಂದ. ನಾವು ಮನೆಯವರು ಅಷ್ಟನ್ನೂ ಮಾಡಲಿಲ್ಲ. ಕಾಕಾ ಈಗಿಲ್ಲ. ಇದ್ದಿದ್ದರೆ ಯಾವ ಬೆರಳು, ಎಷ್ಟು ಹೊತ್ತಿನಿಂದ ಎಂದು ನಗದೆ ಕೇಳುತ್ತಿದ್ದೆ.