ಕನ್ನಡ ಸಬ್‌ಟೈಟಲ್: ಎಕ್ಸ್‌ಪೋರ್ಟ್ ಒತ್ತುವ ಮುನ್ನ

ಸಬ್‌ಟೈಟಲ್‌ನಲ್ಲಿ ಮಾತೋ ಅದರ ಅನುವಾದವೋ ಇರುತ್ತದೆ. ಕ್ಯಾಪ್ಷನ್‌ನಲ್ಲಿ ಮಾತಿನ ಜೊತೆಗೆ [ಬಾಗಿಲು ಬಡಿದ ಸದ್ದು], [ದೂರದಲ್ಲಿ ನಾದಸ್ವರ] ಎಂಬ ಸೂಚನೆಗಳೂ ಇರುತ್ತವೆ. ಕಿವಿ ಕೇಳಿಸದವರಿಗೆ ಅವಿಲ್ಲದೆ ದೃಶ್ಯವೇ ಅರ್ಧ. ಚಿತ್ರಮಂದಿರಗಳಲ್ಲೂ ಇಂಥ ಸೌಲಭ್ಯ ಬೇಕೆಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ತಂದಿದೆ.

ಅಚ್ಚೊತ್ತುವುದೋ, ಜೊತೆಗಿಡುವುದೋ

ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚೊತ್ತಿದರೆ ಅದು ಓಪನ್ ಕ್ಯಾಪ್ಷನ್. ವಾಟ್ಸಾಪ್‌ನಲ್ಲಿ ಹರಿದಾಡುವ ತುಣುಕಿಗೆ ಇದೇ ಸರಿ. ಯೂಟ್ಯೂಬ್‌ಗಾದರೆ ಬೇರೆ ಕಡತ ಕೊಡಿ. ಆಗ ನೋಡುವವರು ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಕಾಗುಣಿತ ತಪ್ಪಿದ್ದರೆ ವಿಡಿಯೊ ಮುಟ್ಟದೆ ತಿದ್ದಬಹುದು. ಅಚ್ಚೊತ್ತಿದರೂ ಕಡತವನ್ನು ಮಾತ್ರ ಅಳಿಸಬೇಡಿ.

ಕಡತದ ಬಗೆ

ಹೆಚ್ಚು ಕಡೆ ನಡೆಯುವುದು ಎಸ್‌ಆರ್‌ಟಿ. ಕ್ರಮಸಂಖ್ಯೆ, ಸಮಯ, ಮಾತು, ಒಂದು ಖಾಲಿ ಸಾಲು. ಇಷ್ಟೇ ಅದರ ಒಡಲು. ಸಮಯದ ಸಾಲು ಹೀಗಿರುತ್ತದೆ:

00:01:12,400 --> 00:01:15,000

ವೆಬ್ ಪುಟಗಳಿಗಾಗಿ ರೂಪಿಸಿದ ವೆಬ್‌ವಿಟಿಟಿಯಲ್ಲಿ ಆ ಅಲ್ಪವಿರಾಮದ ಜಾಗದಲ್ಲಿ ಚುಕ್ಕಿ ಬರುತ್ತದೆ. ಪಟ್ಟಿಯಲ್ಲಿ ಸಿಇಎ-608 ಕಂಡರೆ ಕನ್ನಡಕ್ಕೆ ಅದನ್ನು ಆರಿಸಬೇಡಿ. ಅಮೆರಿಕದ ಅನಲಾಗ್ ಟಿವಿಗೆ ಹುಟ್ಟಿದ, ಸಾಲಿಗೆ 32 ಅಕ್ಷರದ ಆ ಮಾದರಿಯಲ್ಲಿ ನಮ್ಮ ಲಿಪಿಗೆ ಜಾಗವೇ ಇಲ್ಲ.

ಕನ್ನಡ ಎಡವುವ ಜಾಗಗಳು

ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-8 ಇರಲೇಬೇಕು. ಆನ್ಸಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಆ ಕಡತದಿಂದ ಮಾತನ್ನು ಮರಳಿ ಪಡೆಯಲಾಗದು. ಸಂಭಾಷಣೆ ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಾಗಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಮುಂದಿನದು ಅಕ್ಷರದ ಎಣಿಕೆ. ‘ಸ್ತ್ರೀ’ ನಮ್ಮ ಕಣ್ಣಿಗೆ, ಬಾಯಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ ಸೇರಿ 6 ಸಂಕೇತ. ಯುಟಿಎಫ್-8ರಲ್ಲಿ 18 ಬೈಟ್. ಇಂಗ್ಲಿಷ್ ಸಬ್‌ಟೈಟಲ್‌ಗೆ ನೆಟ್‌ಫ್ಲಿಕ್ಸ್ ಇಟ್ಟಿರುವ ಮಿತಿ ಸಾಲಿಗೆ 42 ಅಕ್ಷರ. ಸಂಕೇತಗಳನ್ನೇ ಎಣಿಸುವ ತಂತ್ರಾಂಶದಲ್ಲಿ ಅದೇ ಮಿತಿ ಇಟ್ಟರೆ ಪುಟ್ಟ ಕನ್ನಡ ವಾಕ್ಯವೂ ನಡುವೆ ಮುರಿಯುತ್ತದೆ. ಆದ್ದರಿಂದ ಸಾಲು ಒಡೆಯುವ ಕೆಲಸವನ್ನು ಯಂತ್ರಕ್ಕೆ ಬಿಡದೆ, ಉಸಿರು ನಿಲ್ಲುವಲ್ಲಿ ನಾವೇ ಒಡೆಯುವುದು ಮೇಲು.

ಅಚ್ಚೊತ್ತುವಾಗ ಒತ್ತಕ್ಷರ ಕಳಚಿ ಪಕ್ಕಕ್ಕೆ ನಿಂತಿದ್ದರೆ ಕಾಗುಣಿತದ ತಪ್ಪೆಂದು ಹುಡುಕಬೇಡಿ. ಅಕ್ಷರ ಜೋಡಿಸುವ ಭಾಗಕ್ಕೆ ಕನ್ನಡ ಬರುತ್ತಿಲ್ಲ. ಹಾರ್ಫ್‌ಬಜ್ ಬಳಸುವ ತಂತ್ರಾಂಶ, ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಇದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸಾಲುಗಳ ನಡುವಿನ ಅಂತರವನ್ನೂ ತುಸು ಹೆಚ್ಚಿಸಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ತಿವಿಯುತ್ತದೆ.

ಫ್ರೇಮ್ ದರ

ಸಿನಿಮಾ ಸೆಕೆಂಡಿಗೆ 24 ಫ್ರೇಮ್, ನಮ್ಮ ಟಿವಿ 25. 24ರ ಚಿತ್ರವನ್ನು 25ರ ವೇಗದಲ್ಲಿ ಓಡಿಸಿದರೆ ಒಂದು ಗಂಟೆಯದು 57 ನಿಮಿಷ 36 ಸೆಕೆಂಡಿಗೇ ಮುಗಿಯುತ್ತದೆ. ಹಳೆಯ ಕಡತವನ್ನೇ ಹಾಕಿದರೆ ಕೊನೆಗೆ ಮಾತು ಮುಗಿದು 2 ನಿಮಿಷ 24 ಸೆಕೆಂಡಾದ ಮೇಲೆ ಬರಹ ಮೂಡುತ್ತದೆ. ಮೊದಲ ನಿಮಿಷದ ಒಂದು ಮಾತು, ಕೊನೆಯ ನಿಮಿಷದ ಒಂದು ಮಾತು ನೋಡಿ. ಎರಡೂ ಕಡೆ ಒಂದೇ ಅಂತರವಿದ್ದರೆ ಇಡೀ ಕಡತವನ್ನು ಹಿಂದೆಮುಂದೆ ಸರಿಸಿದರೆ ಸಾಕು. ಅಂತರ ಹೋಗುತ್ತಾ ಹಿಗ್ಗಿದ್ದರೆ ಫ್ರೇಮ್ ದರ ಬದಲಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಬೇಕು.